ಎಡಗಡೆಯ ಹೌದು

ಅಕ್ಕನಿಗೆ ಏನು ಕೆಲಸ ಅಂತ ಯಾರಾದರೂ ಕೇಳಿದರೆ ನಾನು "ಗುಂಡಿ ಮಾಡ್ತಾಳೆ" ಅನ್ನುತ್ತಿದ್ದೆ. ನಾನು ಮನೆಯಲ್ಲೇ ಹೊಲಿಗೆ ಕೆಲಸ ಮಾಡುವವಳು. ಹಾಗಾಗಿ ಬಟ್ಟೆ ಕೊಡಲು ಬಂದ ಹೆಂಗಸರು "ಓಹೋ, ಅಕ್ಕ ತಂಗಿ ಇಬ್ಬರೂ ಒಂದೇ ಲೈನು" ಅಂದುಕೊಂಡು ಹೋಗುತ್ತಿದ್ದರು. ಅಕ್ಕನ ಕಿವಿಗೆ ಇದು ಬಿದ್ದರೆ ಮೈಯೆಲ್ಲ ಉರಿ. "ಕಿಟ್ ನೋಡ್ಕೋತಾಳೆ ಅಂತ ಹೇಳೋಕೆ ನಿನ್ನ ಬಾಯಿಗೇನು ಬಂದಿದೆ?" ಅಂತ ರೇಗುತ್ತಿದ್ದಳು.

ಕಿಟ್ ಅಂದರೆ ಒಂದು ಡಬ್ಬಿ ಅಂತಲೇ ನಾನು ಅರ್ಥ ಮಾಡಿಕೊಂಡಿದ್ದೇನೆ. ಅವಳ ಕಂಪನಿಯವರು ಬೇರೆಬೇರೆಯವರಿಗೆ ಮೊಬೈಲ್ ಆ್ಯಪ್ ಮಾಡಿಕೊಡುತ್ತಾರೆ. ನಿಜವಾದ ಆ್ಯಪ್ ಕಟ್ಟುವ ಮೊದಲು ಅದರ ಪರದೆಗಳನ್ನು ಸುಮ್ಮನೆ ಮಾದರಿಗೆ ಜೋಡಿಸಿ, ತಾವೂ ಒತ್ತಿ ನೋಡಿ, ನಾಲ್ಕು ಜನರಿಂದಲೂ ಒತ್ತಿಸಿ ನೋಡುತ್ತಾರೆ. ಆ ಮಾದರಿಗೆ ಬೇಕಾದ ಬಿಡಿಭಾಗಗಳೆಲ್ಲ, ಬಟನ್ನು, ಹೆಸರು ಬರೆಯುವ ಚೌಕ, ಹೌದು-ಇಲ್ಲದ ಜೋಡಿ, ಎಲ್ಲವೂ ಆ ಡಬ್ಬಿಯಲ್ಲಿರುತ್ತವೆ. ಡಬ್ಬಿಯ ಒಡತಿ ನಮ್ಮ ಅಕ್ಕ. ಅವಳು ಮೂಲ ಬಟನ್ನಿನ ಮೂಲೆಯನ್ನು ಒಂಚೂರು ದುಂಡಗೆ ಮಾಡಿ ಬಿಡುಗಡೆ ಮಾಡಿದರೆ, ಅದನ್ನು ಬಳಸಿದ ಪರದೆಗಳಿಗೆಲ್ಲ "ಹೊಸದು ಬಂದಿದೆ, ಒಪ್ಪಿಕೊಳ್ಳಿ" ಅಂತ ಸೂಚನೆ ಹೋಗುತ್ತದೆ. ಒಪ್ಪಿಕೊಂಡರೆ ಎಲ್ಲ ಕಡೆಯೂ ಮೂಲೆ ದುಂಡಗೆ. ನನ್ನ ಡಬ್ಬಿಯಲ್ಲಿ ಒಂದು ಗುಂಡಿ ಬದಲಾಯಿಸಿದರೆ ನಾನು ಹೊಲಿದು ಕೊಟ್ಟ ಅಂಗಿಗಳ ಗುಂಡಿಯೆಲ್ಲ ಅವರವರ ಮೈಮೇಲೇ ಬದಲಾದ ಹಾಗೆ.

ಈ ನಂಟು ಬೇಡ ಅನ್ನುವವರಿಗೆ "ಬಿಡಿಸು" ಅಂತ ಒಂದು ದಾರಿಯೂ ಇದೆ. ಬಿಡಿಸಿದ ತುಣುಕಿಗೆ ಮೂಲದ ಹಂಗಿಲ್ಲ, ಅಲ್ಲಿ ಏನು ಬದಲಾದರೂ ಇದು ಇದ್ದ ಹಾಗೇ ಇರುತ್ತದೆ. ಬಿಡಿಸುವವರನ್ನು ಕಂಡರೆ ಅಕ್ಕನಿಗೆ ಆಗುತ್ತಿರಲಿಲ್ಲ. ಊಟಕ್ಕೆ ಕೂತಾಗ "ಇವತ್ತು ಇನ್ನೊಬ್ಬ ಬಿಡಿಸಿದ" ಅಂತ ಅವಳು ಹೇಳುವ ರೀತಿ ನೋಡಿದರೆ, ಯಾರೋ ಹೆಂಡತಿ ಮಕ್ಕಳನ್ನು ಬಿಟ್ಟು ಓಡಿಹೋದ ಅಂತಲೇ ಅನ್ನಿಸಬೇಕು. "ಗಂಡನ್ನ ಬಿಟ್ಟು ಬಂದೋಳು ಬಟನ್ನು ಬಿಡಬೇಡಿ ಅಂತ ಊರಿಗೆಲ್ಲ ಉಪದೇಶ ಮಾಡ್ತಾಳೆ" ಅಂತ ನಾನು ಕಾಲೆಳೆದರೆ ಅಪ್ಪ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಆಗ ಅಪ್ಪನಿಗೆ ಇನ್ನೂ ಮಾತಿತ್ತು.

ಮಾತಿತ್ತು ಅಂದರೆ ಸಾಲದು. ಅಪ್ಪ ಬಸ್ ಕಂಡಕ್ಟರ್. ನಿವೃತ್ತಿಯಾಗುವವರೆಗೂ ಅವರ ಬಾಯಿಗೆ ಬೀಗ ಬಿದ್ದದ್ದನ್ನು ಯಾರೂ ಕಂಡಿಲ್ಲ. ಜಗಳ ಕಾಯುತ್ತ ಹತ್ತಿದವನು ನಗುತ್ತ ಇಳಿಯಬೇಕು, ಅದು ಅವರ ಪಂಥ. ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಅನ್ನುತ್ತಾರಲ್ಲ, ಅಪ್ಪನಿಗೆ ಎರಡನೆಯದು ಮಾತ್ರ ಗೊತ್ತಿತ್ತು. ಸಕ್ಕರೆ ಕಾಯಿಲೆ ಇಟ್ಟುಕೊಂಡೇ ಕೇಕಿನ ಡಬ್ಬಿಗೆ ಕೈ ಹಾಕುತ್ತಿದ್ದರು. ಅಕ್ಕ ಓದಿದವಳು, ಸಂಬಳ ತರುವವಳು, ಅವಳನ್ನು "ನೋಟು" ಅಂತಲೂ ನನ್ನನ್ನು "ಚಿಲ್ಲರೆ" ಅಂತಲೂ ಕರೆಯುತ್ತಿದ್ದರು. "ನೋಟಿದ್ರೆ ಏನು ಬಂತು, ಬಸ್ಸಲ್ಲಿ ಬೆಲೆ ಇರೋದು ಚಿಲ್ಲರೆಗೇ" ಅಂತ ನನ್ನನ್ನು ಸಮಾಧಾನವೂ ಮಾಡುತ್ತಿದ್ದರು. ಬಸ್ಸಿನ ಅಭ್ಯಾಸ ಮನೆಗೂ ಬಂದಿತ್ತು. ಮೇಜನ್ನು ಎರಡು ಸಲ ತಟ್ಟಿದರೆ ಹೊರಡಲಿ, ಬಡಿಸಿ ಅಂತ. ಒಂದು ಸಲ ತಟ್ಟಿದರೆ ನಿಲ್ಲಿಸಿ, ಸಾಕು ಅಂತ.

ಪಾರ್ಶ್ವವಾಯು ಹೊಡೆದ ಬೆಳಿಗ್ಗೆ ಅವರ ಬಲಗೈ, ಬಲಗಾಲು ಬಿದ್ದವು, ಅದಕ್ಕಿಂತ ಹೆಚ್ಚಾಗಿ ಮಾತು ಬಿತ್ತು. ನಾವು ಹೇಳಿದ್ದು ಅವರಿಗೆ ಬಹುಮಟ್ಟಿಗೆ ತಿಳಿಯುತ್ತಿತ್ತು, ಅವರು ಹೇಳಬೇಕಾದ್ದು ಹೊರಗೆ ಬರುತ್ತಿರಲಿಲ್ಲ. ಮೊದಮೊದಲು ಒಂದೆರಡು ಮಾತು ಬಂದರೂ ಅದಲುಬದಲಾಗಿ ಬರುತ್ತಿದ್ದವು. ಹೌದು ಅನ್ನಲು ಹೋಗಿ ಇಲ್ಲ ಅನ್ನುವರು, ತಾನು ಅಂದದ್ದು ತನಗೇ ಕೇಳಿಸಿ ಗಾಬರಿಯಾಗುವರು. ತಲೆಯಾಡಿಸುವುದೂ ಹಾಗೇ ತಲೆಕೆಳಗು. ಓದು ಪೂರ್ತಿ ಹೋಯಿತು. ಆಮೇಲೆ ಆ ಒಂದೆರಡು ಮಾತೂ ನಿಂತವು.

ಮಾತು ಕಲಿಸಲು ವಾರಕ್ಕೊಮ್ಮೆ ಒಬ್ಬ ಟೀಚರಮ್ಮ ಮನೆಗೆ ಬರುತ್ತಿದ್ದರು. "ಅವರ ತಲೆಯಾಡಿಸೋದನ್ನ ನಂಬಬೇಡಿ, ಕೈಯಿಂದ ತೋರಿಸೋಕೆ ಏನಾದ್ರೂ ಕೊಡಿ" ಅಂದವರು ಅವರೇ. ಅಕ್ಕ ಮಾರನೆಯ ದಿನವೇ ತನ್ನ ಕಿಟ್ಟಿನಿಂದ ಒಂದು ಹಲಗೆ ಜೋಡಿಸಿದಳು. ಟ್ಯಾಬ್ ಮೇಲೆ ಒಂದೇ ಪರದೆ, ಅದರಲ್ಲಿ ಎರಡೇ ಬಟನ್ನು. ಎಡಗಡೆ ಹಸಿರು ಹೌದು, ಬಲಗಡೆ ಬೂದು ಇಲ್ಲ. ಒತ್ತಿದರೆ ಮಾತಾಡುತ್ತದೆ. ಅಪ್ಪನ ಬಾಯಿಂದ ಹೆಂಗಸಿನ ದನಿ ಬರಬಾರದು ಅಂತ, ಅಪ್ಪನ ಬಸ್ಸು ಓಡಿಸುತ್ತಿದ್ದ ಡ್ರೈವರ್ ಮಾಮನನ್ನು ಕರೆಸಿ, ಅಡುಗೆಮನೆಯ ಬಾಗಿಲು ಹಾಕಿ, ಅವರ ದನಿಯಲ್ಲಿ "ಹೌದು", "ಇಲ್ಲ" ಹೇಳಿಸಿಕೊಂಡಳು.

ಮೊದಲ ಸಲ ಅದು ಮಾತಾಡಿದಾಗ ಅಪ್ಪ ಎಷ್ಟು ನಕ್ಕರೆಂದರೆ ಕಣ್ಣಲ್ಲಿ ನೀರು ಬಂತು. ಬದುಕೆಲ್ಲ ಅಪ್ಪ ತಟ್ಟಿದಂತೆ ಬಸ್ಸು ನಡೆಸಿದ ಮಾಮ ಈಗ ಅಪ್ಪ ಒತ್ತಿದಂತೆ ಮಾತಾಡುತ್ತಾರೆ. ಕೈಗೆ ರೂಢಿಯಾಗಲು ತಿಂಗಳುಗಳೇ ಹಿಡಿದವು. ಆದರೆ ರೂಢಿಯಾದ ಮೇಲೆ ಎಡಗೈ ತಾನೇ ತಾನಾಗಿ ಹೋಗುತ್ತಿತ್ತು. ನೀರು ಬೇಕಾ, ಹೌದು. ಫ್ಯಾನ್ ಹಾಕ್ಲಾ, ಇಲ್ಲ. ಒತ್ತುವಾಗ ಹಲಗೆಯ ಕಡೆ ನೋಡುತ್ತಲೇ ಇರಲಿಲ್ಲ. ತುಂಬಿದ ಬಸ್ಸಿನಲ್ಲಿ ಜನರ ಮುಖ ನೋಡುತ್ತಲೇ ಬೆರಳಿನಿಂದ ಟಿಕೆಟ್ ಹರಿಯುತ್ತಿದ್ದ ಮನುಷ್ಯ, ಈಗಲೂ ನಮ್ಮ ಮುಖವನ್ನೇ ನೋಡುತ್ತ ಒತ್ತುತ್ತಿದ್ದರು. "ಅಪ್ಪನ ಸ್ಟೈಲೇ ಸ್ಟೈಲು" ಅಂತ ನಾವಿಬ್ಬರೂ ಹಿಗ್ಗುತ್ತಿದ್ದೆವು. ಆ ಹಿಗ್ಗಿನಲ್ಲಿ ಅದರ ಅರ್ಥ ಮಾತ್ರ ನಮಗೆ ಹೊಳೆಯಲಿಲ್ಲ.

ಆ ಹಲಗೆಯನ್ನು ಅಕ್ಕ ಕಿಟ್ಟಿನಿಂದ ಬಿಡಿಸಿರಲಿಲ್ಲ. "ಮನೇದೊಂದು ಬಿಡಿಸಿದ್ರೆ ಯಾರು ನೋಡ್ತಾರೆ?" ಅಂತ ನಾನೇ ಒಮ್ಮೆ ಕೇಳಿದ್ದೆ. "ನಾನು ನೋಡ್ತೀನಲ್ಲ" ಅಂದಳು.

ಅಷ್ಟರಲ್ಲಿ ಅವಳ ಕಚೇರಿಯಲ್ಲಿ ಹೊಸ ಕಿಟ್ಟಿನ ಗಲಾಟೆ ಶುರುವಾಗಿತ್ತು. ಬಿಡಿಸಿಕೊಂಡವರೆಲ್ಲ ಹೌದು-ಇಲ್ಲವನ್ನು ತಮಗೆ ತೋಚಿದ ಕಡೆ ಹಾಕಿ, ಒಂದು ಪರದೆಯಲ್ಲಿ ಹೌದು ಎಡಕ್ಕೆ, ಇನ್ನೊಂದರಲ್ಲಿ ಬಲಕ್ಕೆ. ಜನ ಬೇಡವಾದ್ದನ್ನು ಒತ್ತಿ, ಬೇಕಾದ್ದನ್ನು ಅಳಿಸಿಕೊಂಡು ಕಂಪನಿಗೆ ಶಾಪ ಹಾಕುತ್ತಿದ್ದರು. ಎಲ್ಲ ಕಡೆ ಒಂದೇ ರೀತಿ ಇರಬೇಕು, ಹೌದು ಬಲಗಡೆಯೇ ಇರಬೇಕು ಅಂತ ಪಟ್ಟು ಹಿಡಿದವಳು ನಮ್ಮ ಅಕ್ಕ. ಫೋನು ಹಿಡಿಯುವುದು ಹೆಚ್ಚಿನವರ ಬಲಗೈ, ಆ ಹೆಬ್ಬೆರಳಿಗೆ ಹತ್ತಿರ ಬಲಗಡೆ. ಎಷ್ಟೋ ಜನರಿಂದ ಒತ್ತಿಸಿ ನೋಡಿದಳು. ಒಂದು ವಾರ ಎಡವುತ್ತಾರೆ, ಆಮೇಲೆ ತಪ್ಪೇ ಮಾಡುವುದಿಲ್ಲ. ಕಚೇರಿಯ ಹಿರಿಯರ ಹತ್ತಿರ ವಾದ ಮಾಡಿ ಮಾಡಿ ಗಂಟಲು ಕಟ್ಟಿಸಿಕೊಂಡಳು. ಕೊನೆಗೆ ಗೆದ್ದಳು.

ಹೊಸ ಕಿಟ್ ಬಿಡುಗಡೆಯಾದ ಸಂಜೆ ಕೇಕು ಹಿಡಿದುಕೊಂಡು ಬಂದಳು. ಅಪ್ಪನಿಗೂ ಒಂದು ಚೂರು ಕೊಟ್ಟೆವು. ಟ್ಯಾಬಿನ ಮೂಲೆಯಲ್ಲಿ ಸಣ್ಣ ಸೂಚನೆ ಮಿನುಗುತ್ತಿತ್ತು. "ಬೋಣಿ ನಮ್ಮ ಮನೆಯಲ್ಲೇ ಆಗ್ಲಿ" ಅಂತ ಅಕ್ಕ ಎಲ್ಲವನ್ನೂ ಒಪ್ಪಿಕೊಂಡು, ಪರದೆಯನ್ನು ಕಣ್ಣ ಹತ್ತಿರ ತಂದು ನೋಡಿದಳು. ಹೌದು ಬಲಕ್ಕೆ ಸರಿದಿತ್ತು. "ಅಪ್ಪ ಗುರುತು ಹಿಡಿಯೋದು ಹಸಿರನ್ನ ತಾನೇ? ಹಸಿರು ನಾನು ಹಾಕಿದ್ದು, ಅದು ಹಾಗೇ ಉಳಿದಿದೆ ನೋಡು" ಅಂದಳು. ನಾನೂ ನೋಡಿದೆ. ಹಸಿರು ಹಸಿರಾಗೇ ಇತ್ತು. ಮೊದಲಿಗಿಂತ ಚೆನ್ನಾಗಿಯೂ ಇತ್ತು.

ಅದೇ ವಾರ ಅಪ್ಪನ ಬಲಗಾಲಿಗೆ ಪ್ಲಾಸ್ಟಿಕ್ಕಿನ ಬೂಟೊಂದು ಬಂದಿತ್ತು. ಪಾದ ಜೋತು ಬೀಳದ ಹಾಗೆ ಹಿಡಿದುಕೊಳ್ಳುವಂಥದ್ದು. ತಂದು ಕಟ್ಟಿದವನು ಮುಂದಿನ ವಾರದವರೆಗೂ ಬಿಚ್ಚಬೇಡಿ, ಮೈಯನ್ನು ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಸಾಕು ಅಂದಿದ್ದ. "ನೋವಿದೆ ಅಂದ್ರೆ ಮಾತ್ರ ತಕ್ಷಣ ಬಿಚ್ಚಿಬಿಡಿ, ಶುಗರ್ ಇದೆ" ಅಂತ ಬಾಗಿಲಲ್ಲಿ ನಿಂತು ಮತ್ತೊಮ್ಮೆ ಹೇಳಿ ಹೋಗಿದ್ದ.

ಹಾಗಾಗಿ ಕೇಕು ತಿಂದ ಮಾರನೆಯ ಬೆಳಿಗ್ಗೆ ಕೇಳಿದೆ. "ಅಪ್ಪ, ಕಾಲು ನೋಯ್ತಿದೆಯಾ?"

ಅಪ್ಪ ನನ್ನ ಮುಖ ನೋಡುತ್ತ ಒತ್ತಿದರು. "ಇಲ್ಲ" ಅಂದರು ಡ್ರೈವರ್ ಮಾಮ.

ಅಪ್ಪ ಬೆಚ್ಚಿದ ಹಾಗೆ ಕಂಡಿತು. ಮತ್ತೆ ಒತ್ತಿದರು. ಇಲ್ಲ. ಮತ್ತೆ ಮತ್ತೆ ಒತ್ತಿದರು, ಇಲ್ಲ ಇಲ್ಲ ಇಲ್ಲ. "ಸರಿ ಅಪ್ಪ, ಗೊತ್ತಾಯ್ತು, ನೋವಿಲ್ಲ, ಅಷ್ಟು ಜೋರಾಗಿ ಒತ್ತಿದ್ರೆ ಗಾಜು ಒಡೆಯುತ್ತೆ" ಅಂತ ನಕ್ಕು ಹೊಲಿಗೆಗೆ ಎದ್ದು ಹೋದೆ.

ಮಧ್ಯಾಹ್ನದ ಹೊತ್ತಿಗೆ ಅವರ ಎಡಗೈ ಬೂಟಿನ ಪಟ್ಟಿಯನ್ನು ಎಳೆಯುತ್ತಿತ್ತು. ಅಕ್ಕ ಸಂಜೆ ಬಂದವಳೇ ಕೇಳಿದಳು, "ನೋವಾ ಅಪ್ಪ?" ಇಲ್ಲ. "ಮತ್ತೆ ಸುಮ್ನೆ ಯಾಕೆ ಕೀಳ್ತೀರಿ? ನಡೀಬೇಕು ಅಂದ್ರೆ ಹಾಕ್ಕೊಳ್ಳಲೇಬೇಕು." ಅಪ್ಪ ಅಡ್ಡಡ್ಡ ತಲೆಯಾಡಿಸಿದರು, ಉದ್ದುದ್ದ ಆಡಿಸಿದರು. ತಲೆಯನ್ನು ನಂಬಬೇಡಿ ಅಂದಿದ್ದರಲ್ಲ, ನಾವು ನಂಬಲಿಲ್ಲ. ಹಲಗೆಯನ್ನು ನಂಬಿದೆವು. ಅನ್ನ ಬೇಕಾ ಅಂದರೆ ಇಲ್ಲ, ನೀರು ಬೇಕಾ ಅಂದರೆ ಇಲ್ಲ, ಎಲ್ಲದಕ್ಕೂ ಇಲ್ಲ. "ಬೂಟಿನ ಮೇಲಿನ ಸಿಟ್ಟನ್ನ ಊಟದ ಮೇಲೆ ತೋರಿಸ್ತಿದ್ದಾರೆ, ಮಗು ಥರ ಹಠ" ಅಂದಳು ಅಕ್ಕ. ನಾವೇ ಗದರಿಸಿ ತಿನ್ನಿಸಿದೆವು. ಅವರು ಅಳುತ್ತ ತಿಂದರು. ಪಾರ್ಶ್ವವಾಯು ಆದವರಿಗೆ ಅಳು ಬೇಗ ಬರುತ್ತದೆ ಅಂತಲೂ ನಮಗೆ ಯಾರೋ ಹೇಳಿದ್ದರು. ಎಷ್ಟೆಲ್ಲ ತಿಳಿದುಕೊಂಡಿದ್ದೆವು ನಾವು!

ಟೀಚರ್ ಬರುವ ಹೊತ್ತಿಗೆ ಅಪ್ಪ ಮಂಕಾಗಿದ್ದರು, ಮೈ ಸ್ವಲ್ಪ ಬೆಚ್ಚಗಿತ್ತು. ಟೀಚರಿಗೆ ಒಂದು ಅಭ್ಯಾಸ, ಉತ್ತರ ತನಗೆ ಗೊತ್ತಿರುವ ಪ್ರಶ್ನೆಯಿಂದಲೇ ಶುರು ಮಾಡುವುದು.

"ಯಜಮಾನ್ರೇ, ನೀವು ಕಂಡಕ್ಟರ್ ಆಗಿದ್ರಾ?"

ಅಪ್ಪ ಅವರ ಮುಖ ನೋಡುತ್ತ ನಿಧಾನವಾಗಿ ಒತ್ತಿದರು. ಇಲ್ಲ.

"ಹೌದಾ! ಹಾಗಾದ್ರೆ ನಾನು ಗಂಡಸಾ?"

ಹೌದು.

ಟೀಚರ್ ನಕ್ಕರು. ನಾವೂ ನಕ್ಕೆವು. ಆಮೇಲೆ ಅವರ ನಗು ಹಾಗೇ ನಿಂತುಹೋಯಿತು. ಅಪ್ಪನ ಕೈಯನ್ನು ನೋಡಿದರು, ಹಲಗೆಯನ್ನು ನೋಡಿದರು.

"ಈ ಹೌದು ಹೋದ ವಾರ ಎಡಗಡೆ ಇರಲಿಲ್ವಾ?" ಅಂದರು.

ಅಕ್ಕನ ಮುಖದಿಂದ ರಕ್ತ ಇಳಿದದ್ದನ್ನು ನಾನು ಕಣ್ಣಾರೆ ಕಂಡೆ. ಅವಳು ಕೆಳಗೆ ಕುಸಿದು ಬೂಟಿನ ಪಟ್ಟಿ ಬಿಚ್ಚತೊಡಗಿದಳು. ಹಿಮ್ಮಡಿಯ ಚರ್ಮ ಬೂಟಿಗೆ ಅಂಟಿಕೊಂಡೇ ಬಂತು. ಒಳಗೆ ಕಪ್ಪಾಗಿತ್ತು. ವಾಸನೆ ಕೋಣೆಗೆಲ್ಲ ಹರಡಿತು.

ಆಸ್ಪತ್ರೆಗೆ ಹೋಗುವ ದಾರಿಯಲ್ಲಿ ಟೀಚರ್ ಅಪ್ಪನ ಕೈ ಹಿಡಿದುಕೊಂಡು ಕೂತಿದ್ದರು. ಇನ್ನೊಂದು ಬಟನ್ನನ್ನು ಅಪ್ಪ ಯಾಕೆ ಒತ್ತಿ ನೋಡಲಿಲ್ಲ ಅಂತ ನಾನು ಕೇಳಿದೆ. "ಶುರುವಿನಲ್ಲಿ ಅವರು ಹೌದು ಅಂದ್ರೆ ಬಾಯಿಂದ ಇಲ್ಲ ಅಂತ ಬರ್ತಿತ್ತಲ್ಲ. ಈಗಲೂ ತನ್ನ ತಲೆಯೇ ಮತ್ತೆ ಕೆಟ್ಟಿತು ಅಂದ್ಕೊಂಡಿರ್ತಾರೆ. ಹಲಗೆ ತಪ್ಪು ಹೇಳುತ್ತೆ ಅಂತ ಅವರಿಗೆ ಹೇಗೆ ಹೊಳೀಬೇಕು?" ಅಂದರು ಟೀಚರ್. ಈ ಮಾತನ್ನು ನಾನು ಇವತ್ತಿಗೂ ಪೂರ್ತಿ ನೆನೆಸಿಕೊಳ್ಳಲಾರೆ. ಅರ್ಧಕ್ಕೆ ಬಂದರೆ ಎದ್ದು ಏನಾದರೂ ಕೆಲಸ ಹಚ್ಚಿಕೊಳ್ಳುತ್ತೇನೆ.

ಆಸ್ಪತ್ರೆಯ ಕಾರಿಡಾರಿನಲ್ಲಿ ನನ್ನ ಬಾಯಿಗೆ ಬಂದದ್ದನ್ನೆಲ್ಲ ಅಂದೆ. "ಊರಿಗೆ ಉಪಕಾರಿ, ಮನೆಗೆ ಮಾರಿ! ಲೋಕದ ಜನರ ಕೈಲೆಲ್ಲ ಒತ್ತಿಸಿ ನೋಡಿದೆಯಲ್ಲ, ಅಪ್ಪನ ಕೈಲಿ ಒಂದು ಸಲ ಒತ್ತಿಸಿ ನೋಡೋಕೆ ಆಗಲಿಲ್ವಾ ನಿನಗೆ?" ಅಕ್ಕ ತಿರುಗಿ ಒಂದು ಮಾತು ಅಂದಿದ್ದರೆ ನನಗೆ ಹಗುರವಾಗುತ್ತಿತ್ತು. ಅವಳು ಬೆಂಚಿನ ಮೇಲೆ ಕೂತು, ಮಡಿಲಲ್ಲಿ ಟ್ಯಾಬ್ ಇಟ್ಟುಕೊಂಡು, ಆ ಜೋಡಿ ಬಟನ್ನುಗಳ ಮೇಲೆ ಬೆರಳಿಟ್ಟು "ಬಿಡಿಸು" ಒತ್ತಿದಳು. ಅವಳ ಜನ್ಮದಲ್ಲಿ ಅವಳು ಬಿಡಿಸಿದ್ದು ಅದೊಂದೇ ಇರಬೇಕು. ಹೌದನ್ನು ಎಡಕ್ಕೆ ಎಳೆದಳು, ಇಲ್ಲವನ್ನು ಬಲಕ್ಕೆ. ಗೆರೆ ಸರಿಯಾಗಿದೆಯಾ ಅಂತ ಕಣ್ಣು ಕಿರಿದು ಮಾಡಿ ನೋಡಿದಳು. ಆ ಹೊತ್ತಿನಲ್ಲೂ ಗೆರೆ ನೋಡಿದಳಲ್ಲ ಅಂತ ನನಗೆ ಮತ್ತಷ್ಟು ಸಿಟ್ಟು ಬಂತು.

ವಿಷ ಮೇಲೇರುತ್ತಿದೆ, ಮೊಣಕಾಲಿನ ಕೆಳಗೆ ತೆಗೆಯಬೇಕು ಅಂದರು ಡಾಕ್ಟರು. "ಯಜಮಾನ್ರಿಗೆ ತಿಳುವಳಿಕೆ ಇದೆ ಅಂತೀರಿ. ಹಾಗಾದ್ರೆ ಅವರನ್ನೇ ಕೇಳೋಣ. ಕಾಲು ಅವರದ್ದು."

ಅಕ್ಕ ಹಲಗೆಯನ್ನು ಅಪ್ಪನ ಎಡಗೈ ಕೆಳಗೆ ಹಿಡಿದಳು. ಡಾಕ್ಟರು ಬಾಗಿ, ಬಿಡಿಬಿಡಿಯಾಗಿ ಹೇಳಿದರು. ಕಾಲು ತೆಗೆದರೆ ಬದುಕಬಹುದು, ಇಲ್ಲದಿದ್ದರೆ ಕಷ್ಟ. "ತೆಗೀಬಹುದಾ?"

ಅಪ್ಪ ಅವರ ಮುಖವನ್ನೇ ನೋಡುತ್ತಿದ್ದರು. ಕೈ ಎಡಕ್ಕೆ ಹೋಯಿತು. "ಹೌದು" ಅಂದರು ಡ್ರೈವರ್ ಮಾಮ.

ಅಪ್ಪ ಮೊದಲ ಬಾರಿಗೆ ತಲೆ ಬಗ್ಗಿಸಿ ಹಲಗೆಯನ್ನು ನೋಡಿದರು. ಬಲಕ್ಕೆ ಒತ್ತಿದರು, ಇಲ್ಲ. ಮತ್ತೆ ಎಡಕ್ಕೆ, ಹೌದು. ಮತ್ತೆ ಬಲಕ್ಕೆ, ಇಲ್ಲ. ಮನೆಯ ಬೀಗದ ಕೈಯನ್ನು ತಿರುಗಿಸಿ ತಿರುಗಿಸಿ ನೋಡುವವರ ಹಾಗೆ ನೋಡಿದರು.

"ಇದರಲ್ಲಿ ಯಾವುದನ್ನ ತಗೊಳ್ಳಲಿ?" ಅಂದರು ಡಾಕ್ಟರು.

ಅಪ್ಪ ಕೈಯನ್ನು ಹಿಂದಕ್ಕೆ ಎಳೆದುಕೊಂಡು ಹೊದಿಕೆಯ ಕೆಳಗೆ ಇಟ್ಟುಕೊಂಡರು. ಅಕ್ಕ "ಅಪ್ಪ, ಈಗ ಸರಿ ಮಾಡಿದ್ದೀನಿ, ಮೊದಲಿನ ಹಾಗೇ ಇದೆ, ಒಂದು ಸಲ ಒತ್ತಿ" ಅಂತ ಅಂಗಲಾಚಿದಳು. ಅವರು ಕಣ್ಣು ಮುಚ್ಚಿದರು. ಕೊನೆಗೆ ಅಕ್ಕ ಸಹಿ ಹಾಕಿದಳು, ಸಾಕ್ಷಿಗೆ ನಾನು ಹಾಕಿದೆ. ಅಪ್ಪ ಹೂಂ ಅಂದಿದ್ದರೋ ಉಹೂಂ ಅಂದಿದ್ದರೋ ನಮಗೆ ಗೊತ್ತಿಲ್ಲ, ಇನ್ನು ಗೊತ್ತಾಗುವುದೂ ಇಲ್ಲ.

ಕಾಲು ತೆಗೆಸಿಕೊಂಡು ಮನೆಗೆ ಬಂದ ಮೇಲೆ ಅಕ್ಕ ರಜೆ ಹಾಕಿ ಅಪ್ಪನ ಮಂಚದ ಪಕ್ಕದಲ್ಲೇ ಕೂತಳು. ದಿನಾ ಹಲಗೆ ಹಿಡಿಯುವಳು, ಪ್ರಶ್ನೆ ಕೇಳುವಳು, ಕಾಯುವಳು. ಅಪ್ಪನ ಕೈ ಹೊದಿಕೆಯಿಂದ ಹೊರಗೆ ಬರುತ್ತಿರಲಿಲ್ಲ. ಟೀಚರ್ ಬಂದು ಚಿತ್ರ ತೋರಿಸಿದರು, ಬಣ್ಣದ ಚೀಟಿ ತೋರಿಸಿದರು, ಎರಡು ಲೋಟ ಇಟ್ಟು ನೋಡಿದರು. "ಕೈಗೆ ಬರಲ್ಲ ಅಂತಲ್ಲ, ನಂಬಿಕೆ ಹೋಗಿದೆ. ಅದನ್ನ ಕಲಿಸೋ ವಿದ್ಯೆ ನನ್ನ ಹತ್ರ ಇಲ್ಲ" ಅಂದರು. ಹೊರಡುವಾಗ ಮುಂದಿನ ವಾರ ಬರುತ್ತೇನೆ ಅನ್ನಲಿಲ್ಲ.

ಈ ನಡುವೆ ಕಚೇರಿಯಿಂದ ಸಂದೇಶ ಬಂತು. ಅಕ್ಕ ಅದನ್ನು ನನಗೆ ಓದಿ ಹೇಳಿದಳು. ಹೊಸ ಕಿಟ್ ಬಂದ ಮೇಲೆ ಜನ ತಪ್ಪು ಒತ್ತುವುದು ಅರ್ಧಕ್ಕರ್ಧ ಕಡಿಮೆಯಾಗಿದೆ, ಎಲ್ಲರೂ ನಿನ್ನನ್ನು ಹೊಗಳುತ್ತಿದ್ದಾರೆ, ಅಪ್ಪ ಹುಷಾರಾದ ಮೇಲೆ ಬಂದು ಎಲ್ಲರ ಮುಂದೆ ಮಾತಾಡಬೇಕು. "ಸುಳ್ಳೇನಲ್ಲ, ನಿಜವಾಗ್ಲೂ ಕಡಿಮೆಯಾಗಿದೆ" ಅಂದಳು. "ಬದಲಾವಣೆ ಸರಿಯಾಗೇ ಇತ್ತು ಕಣೇ." ಅದು ಸರಿಯಿಲ್ಲದೆ ಇದ್ದಿದ್ದರೆ ಒಳ್ಳೆಯದಿತ್ತು ಅಂತ ನನಗೆ ಅನ್ನಿಸಿತು.

ಒಂದು ಮಧ್ಯಾಹ್ನ ನಾನು ಪರದೆ ಬಟ್ಟೆಯೊಂದಕ್ಕೆ ಅಂಚು ಹೊಲಿಯುತ್ತಿದ್ದೆ. ಅಕ್ಕ ಎಂದಿನಂತೆ ಹಲಗೆ ಹಿಡಿದು ಕೇಳಿದಳು, "ಅಪ್ಪ, ನೋಯ್ತಿದೆಯಾ?"

ಹೊದಿಕೆ ಅಲುಗಿತು. ಎಡಗೈ ಹೊರಗೆ ಬಂತು. ನಾನು ಮಿಷನ್ನು ನಿಲ್ಲಿಸಿದೆ. ಕೈ ನಿಧಾನವಾಗಿ ಹಲಗೆಯ ಮೇಲೆ ಬಂತು, ಅದನ್ನು ದಾಟಿ ಮುಂದೆ ಹೋಯಿತು. ಮಂಚದ ಕಬ್ಬಿಣದ ಪಟ್ಟಿಯನ್ನು ತಟ್ಟಿತು. ಒಂದು ಸಲ.

ಅಕ್ಕನ ಮುಖ ಅರಳಿತು. ಎಷ್ಟೋ ದಿನದ ಮೇಲೆ ಅಪ್ಪ ಏನೋ ಹೇಳಿದ್ದರು. "ಅಪ್ಪ, ನೋಯ್ತಿದೆ ಅಂತಾನಾ? ನೀರು ಬೇಕಾ?" ಮತ್ತೆ ಒಂದೇ ತಟ್ಟು. "ಅಪ್ಪ, ನನ್ನ ಮೇಲೆ ಕೋಪಾನಾ?" ಮತ್ತೆ ಒಂದು, ಸ್ವಲ್ಪ ಜೋರಾಗಿ. ಅವಳು ನನ್ನ ಕಡೆ ತಿರುಗಿದಳು. ನಾನು ಕಂಡಕ್ಟರನ ಮಗಳು, ಅವಳೂ ಕಂಡಕ್ಟರನ ಮಗಳು. ಬಸ್ಸು ನಿಲ್ಲಿಸುವ ಆ ಒಂದು ತಟ್ಟಿಗೆ ಏನು ಅರ್ಥ ಅಂತ ನಾನು ಹೇಳಿಕೊಡಬೇಕಾಗಿರಲಿಲ್ಲ.

ಆದರೂ ನನ್ನ ಹಾಳು ಆಸೆ ಬಿಡಬೇಕಲ್ಲ. ಎದ್ದು ಹೋಗಿ ಮಂಚದ ಮೇಲೆ ಕೂತೆ. "ಅಪ್ಪ, ನಾನು, ಚಿಲ್ಲರೆ. ಹಲಗೆ ಬೇಡವೇ ಬೇಡ. ಹೌದು ಅನ್ನೋದಾದ್ರೆ ಎರಡು ಸಲ ತಟ್ಟಿ, ಅಷ್ಟು ಸಾಕು. ಕಿಟಕಿ ತೆಗೀಲಾ?"

ಅಪ್ಪ ನನ್ನ ಮುಖವನ್ನು ಬಹಳ ಹೊತ್ತು ನೋಡಿದರು. ಕೈ ಪಟ್ಟಿಯ ಮೇಲೆಯೇ ಇತ್ತು, ಏಳಲಿಲ್ಲ. ಆಮೇಲೆ ಅದನ್ನು ತೆಗೆದು ಹೊದಿಕೆಯ ಒಳಗೆ ಇಟ್ಟುಕೊಂಡರು. ಅವತ್ತಿನಿಂದ ಅದು ಪಟ್ಟಿಯನ್ನೂ ತಟ್ಟಿಲ್ಲ.

ಅಕ್ಕ ಟ್ಯಾಬ್ ಎತ್ತಿಕೊಂಡು ಹೋಗಿ ಚಾರ್ಜಿಗೆ ಹಾಕಿದಳು. ಈಗಲೂ ದಿನಾ ಹಾಕುತ್ತಾಳೆ.